ಮರೆವಿಗೆ ಹೊಡೆತ ಮದ್ದಲ್ಲ

ನಮ್ಮ ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಗ್ಗಿ ಬಂತೆಂದರೆ ಹೆಂಗಸರಿಗೆ ಹಗಲು ರಾತ್ರಿ ಎಂಬುದಿಲ್ಲ. ಅಡಿಕೆಯನ್ನೂ ಸುಲಿಯಬೇಕು, ಮನೆಗೆಲಸವೂ ಆಗಬೇಕು. ಅಂಥ ಒಂದು ಸುಗ್ಗಿಯಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬಳು ಒಲೆಯ ಮೇಲೆ ಹಾಲಿಟ್ಟು ಮರೆತಳು. ಗಂಡ ಹೊಡೆದ. ಅತ್ತೆಯು, "ಹುಚ್ಚಿಯನ್ನು ನಮಗೆ ಕಟ್ಟಿದ್ದೀರಿ, ಇನ್ನೊಂದು ಲಕ್ಷ ಕೊಟ್ಟರೆ ಇಟ್ಟುಕೊಳ್ಳುತ್ತೇವೆ" ಎಂದು ತವರಿಗೆ ಹೇಳಿ ಕಳಿಸಿದಳು.

ಮೊದಲು ನಮ್ಮ ತಪ್ಪನ್ನೇ ಹೇಳುತ್ತೇನೆ. ಸಭೆಗೆ ತಡವಾಗಿ ಬಂದಾಗ, ಪಾಸ್‌ಬುಕ್ ಕಳೆದಾಗ ಅವಳಿಗೆ ದಂಡ ಹಾಕಿದವರು ನಾವು. "ಇವಳಿಗೆ ಜವಾಬ್ದಾರಿಯೇ ಇಲ್ಲ" ಎಂದವಳು ನಾನು. ಊಟ ನಿದ್ದೆ ಬಿಟ್ಟು, "ನಾನಿದ್ದು ಏನು ಪ್ರಯೋಜನ ಅಕ್ಕಾ" ಎಂದು ಅವಳು ಅತ್ತಾಗಲೇ ನಮಗೆ ಎಚ್ಚರವಾದದ್ದು.

ಮನೋವೈದ್ಯರು ಅವಳ ತಾಯಿಯನ್ನು ಬಾಲ್ಯದ ಬಗ್ಗೆ ಕೇಳಿದರು. ದಿನಕ್ಕೊಂದು ಬಳಪ ಕಳೆಯುತ್ತಿದ್ದಳು, ಪಾಠ ಕೇಳುತ್ತಲೇ ಎಲ್ಲೋ ಹೋಗಿಬಿಡುತ್ತಿದ್ದಳು ಎಂದರು ತಾಯಿ. ಇದಕ್ಕೆ ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನುತ್ತಾರೆ. ಓಡಾಡಿ ಗಲಾಟೆ ಮಾಡುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತ ಹುಡುಗಿ ಬೀಳುವುದಿಲ್ಲ. ಇದು ಸೋಮಾರಿತನವಲ್ಲ, ತಾಯಿ ಬೆಳೆಸಿದ ತಪ್ಪೂ ಅಲ್ಲ. ವಂಶದಲ್ಲಿ ಬರುವುದೇ ಹೆಚ್ಚು.

ಈ ತೊಂದರೆ ಒಂಟಿಯಾಗಿರುವುದು ಕಡಿಮೆ. ವರ್ಷಗಟ್ಟಲೆ ಬೈಸಿಕೊಂಡವಳಲ್ಲಿ ಆತಂಕ, ಖಿನ್ನತೆ ಜೊತೆಗೂಡುತ್ತವೆ. ಕೆಲವರು ಕುಡಿತದಂಥ ಚಟಕ್ಕೂ ಬೀಳುತ್ತಾರೆ. ಆಗ ಖಿನ್ನತೆಯೊಂದಕ್ಕೇ ಮಾತ್ರೆ ಕೊಟ್ಟರೆ ಬೇರು ಹಾಗೇ ಉಳಿಯಬಹುದು. ಮೊದಲು ಯಾವುದಕ್ಕೆ ಚಿಕಿತ್ಸೆ ಎಂಬುದನ್ನು ವೈದ್ಯರು ನೋಡಿ ನಿರ್ಧರಿಸುತ್ತಾರೆ.

ಆದರೆ ಅಕ್ಕತಂಗಿಯರೇ, ಮರೆವೆಲ್ಲ ಎಡಿಎಚ್‌ಡಿ ಅಲ್ಲ. ಅದು ಹನ್ನೆರಡು ವರ್ಷದೊಳಗೇ ಕಾಣಿಸಿಕೊಂಡಿರುತ್ತದೆ. ತವರಿನಲ್ಲಿ ಚುರುಕಾಗಿದ್ದು, ಮದುವೆಯಾದ ಮೇಲೆ ಮಂಕಾದವಳ ತಲೆಯಲ್ಲಿ ಕಾಯಿಲೆ ಹುಡುಕುವ ಮೊದಲು ಅವಳ ಮೈಮೇಲಿನ ಬಾಸುಂಡೆ ನೋಡಿ. ಹೆದರಿಕೆಯಲ್ಲಿ ಬದುಕುವವಳ ಗಮನ ಎಲ್ಲಿ ನಿಂತೀತು? ರಕ್ತಹೀನತೆ, ಥೈರಾಯ್ಡ್ ಇದ್ದರೂ ಮಂಕು ಕವಿಯುತ್ತದೆ.

ಗಂಡನಿಗೇ ಈ ತೊಂದರೆ ಇದ್ದರೆ? ಅವನಿಗೂ ಚಿಕಿತ್ಸೆ ಸಿಗಲಿ. ಆದರೆ ಸಾಹುಕಾರನ ಮುಂದೆ ಏಳದ ಕೈ ಹೆಂಡತಿಯ ಮೇಲೆ ಮಾತ್ರ ಎದ್ದರೆ ಅದನ್ನು ಕಾಯಿಲೆ ಎನ್ನಲು ನಾನು ಒಪ್ಪುವುದಿಲ್ಲ.

"ಹುಚ್ಚಿ" ಎಂದು ಸೊಸೆಯನ್ನು ಹೊರಹಾಕುವವರಿಗೆ ಕಾನೂನಿನ ಬೆಂಬಲವೂ ಇಲ್ಲ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ವಿಚ್ಛೇದನ ಸಿಗದು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಕಾಯಿಲೆಯೊಂದರಿಂದಲೇ ಯಾರನ್ನೂ ಬುದ್ಧಿಸ್ವಾಧೀನವಿಲ್ಲದವರು ಎನ್ನುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಹೊಡೆತದ ವಿರುದ್ಧ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ವರದಕ್ಷಿಣೆಯ ವಿರುದ್ಧ 1961ರ ಕಾಯ್ದೆ ನಮ್ಮ ಕೈಯಲ್ಲಿವೆ.

ಮನಸ್ಸಿನ ತೊಂದರೆಗೆ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ದೌರ್ಜನ್ಯವಾದರೆ 181.

ನಮ್ಮ ಸಂಘದಲ್ಲಿ ಈಗ ಅವಳ ಪಾಸ್‌ಬುಕ್ ಪೆಟ್ಟಿಗೆಯಲ್ಲೇ ಇರುತ್ತದೆ. ಸಭೆಯ ದಿನ ಪಕ್ಕದ ಮನೆಯವಳು ಕರೆದುಕೊಂಡು ಬರುತ್ತಾಳೆ. ದಂಡ ಎತ್ತಿಹಾಕಿದ್ದೇವೆ. ತವರಿನವರು ಆ ಒಂದು ಲಕ್ಷ ಕೊಡಲಿಲ್ಲ. ಕೊಡಬೇಡಿ ಎಂದು ಹೇಳಲು ನಾವು ಹನ್ನೆರಡು ಜನ ಒಟ್ಟಿಗೆ ಹೋಗಿದ್ದೆವು. ನಿಮ್ಮ ಸಂಘದಲ್ಲಿ ಯಾರಿಗೆ ಹೆಚ್ಚು ದಂಡ ಬಿದ್ದಿದೆ? ಪುಸ್ತಕ ತೆಗೆದು ನೋಡಿ, ಅವಳ ಮನೆಗೆ ಒಮ್ಮೆ ಹೋಗಿ ಬನ್ನಿ.