ಕ್ರೀಡಾಸಂಘಗಳ ಐಕ್ಯವೂ ಪೈಪೋಟಿಯೂ

ಒಂದೇ ಗ್ರಾಮದಲ್ಲಿ ಎರಡು ಮೂರು ಕ್ರೀಡಾಸಂಘಗಳೇಕೆ, ಎಲ್ಲವೂ ಕೂಡಿ ಒಂದಾಗಬಾರದೇಕೆ ಎಂಬ ಪ್ರಶ್ನೆಯು ಕೋಟ, ಸಾಲಿಗ್ರಾಮ, ಕುಂದಾಪುರಗಳ ಕಡೆಯಲ್ಲಿ ಮತ್ತೆ ಮತ್ತೆ ಏಳುತ್ತಿರುವುದು. ಕೇಳುವವರ ಸಂಕಟವನ್ನು ನಾವು ಬಲ್ಲೆವು. ಎರಡು ಸಂಘದವರೂ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಕ್ಕೆಂದು ಬೆಂಗಳೂರು, ಮುಂಬಯಿಗಳಲ್ಲಿರುವ ಅದೇ ಹೋಟೆಲು ಮಾಲೀಕರ ಮುಂದೆ ರಸೀದಿ ಪುಸ್ತಕವನ್ನು ಹಿಡಿಯುವರು. ಊರಿನ ತರುಣರೋ ಉದ್ಯೋಗಾರ್ಥವಾಗಿ ಅದೇ ನಗರಗಳಿಗೆ ಹೊರಟುಹೋಗಿರುವರು. ಅಂಗಣಕ್ಕಿಳಿಯಲು 7 ಮಂದಿ, ಬದಲಿಗೆ 5 ಮಂದಿ ಬೇಕಾದಲ್ಲಿ, ಎರಡು ತಂಡಗಳಿಗೆ 24 ಮಂದಿಯನ್ನು ಎಲ್ಲಿಂದ ತರುವುದು?

ಆದರೂ ಒಟ್ಟುಗೂಡಿಸುವುದೊಂದೇ ಮದ್ದೆಂಬುದನ್ನು ನಾವು ಒಪ್ಪಲಾರೆವು. ನಮ್ಮ ಸೀಮೆಯವರಿಗೆ ಜೋಡಾಟದ ರುಚಿ ಗೊತ್ತು. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಪಂಥ ಕಟ್ಟಿ ಕುಣಿಯುವಾಗ ವೇಷಧಾರಿಯ ಕಾಲಿಗೆ ಬರುವ ಕಸುವು ಒಂಟಿ ಆಟದಲ್ಲಿ ಬಾರದು. ಎರಡನ್ನೂ ಒಂದುಮಾಡಿದ ಮೇಲೆ ಜೋಡಾಟವೆಲ್ಲಿಯದು?

ಕಲಕತ್ತೆಯ ಮೋಹನ ಬಾಗಾನ್ ಸಂಘವು 1911ರಲ್ಲಿ, ಬಹುಮಟ್ಟಿಗೆ ಬರಿಗಾಲಿನ ಆಟಗಾರರಿಂದಲೇ, ಈಸ್ಟ್ ಯಾರ್ಕ್‌ಷೈರ್ ದಳದ ಆಂಗ್ಲ ಸೈನಿಕರನ್ನು ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದುದು ದೇಶಾಭಿಮಾನಿಗಳು ಮರೆಯತಕ್ಕ ವಿಷಯವಲ್ಲ. ಅದರ ಫುಟ್‌ಬಾಲ್ ತಂಡವನ್ನು 2020ರಲ್ಲಿ ಎ.ಟಿ.ಕೆ.ಯೊಡನೆ ಕೂಡಿಸಲಾಯಿತು. ಹೆಸರಿನ ಮುಂದೆ ಬಂದು ಕುಳಿತ ಆ ಮೂರಕ್ಷರಗಳನ್ನು ಅಭಿಮಾನಿಗಳು ಸಹಿಸಲಿಲ್ಲ. 2023ರಲ್ಲಿ ಲೀಗನ್ನು ಗೆದ್ದ ವರ್ಷವೇ ಅವುಗಳನ್ನು ಕಿತ್ತುಹಾಕಬೇಕಾಯಿತು. ಸಿಡ್ನಿ ನಗರದಲ್ಲಿ ರಗ್ಬಿ ಲೀಗಿನ ನೆರೆಯ ವೈರಿಗಳಾದ ಮ್ಯಾನ್ಲಿ ಮತ್ತು ನಾರ್ತ್ ಸಿಡ್ನಿ ಸಂಘಗಳನ್ನು ಸೇರಿಸಿ 2000ದಲ್ಲಿ ಕಣಕ್ಕಿಳಿಸಿದ ತಂಡವು ಮೂರೇ ಋತುಗಳಲ್ಲಿ ಮುಗಿದುಹೋಯಿತು. ಅದೇ ವರ್ಷ ಕೂಡಿ ಆಡತೊಡಗಿದ ಬಾಲ್ಮೇನ್ ಮತ್ತು ವೆಸ್ಟರ್ನ್ ಸಬರ್ಬ್ಸ್ ಸಂಘಗಳಾದರೋ 2005ರಲ್ಲಿ ಪ್ರಶಸ್ತಿಯನ್ನೇ ಗೆದ್ದುವು. ಆದುದರಿಂದ ಐಕ್ಯವು ಸರ್ವಥಾ ವರ್ಜ್ಯವೆಂದು ನಮ್ಮ ಮತವಲ್ಲ.

ಏಳು ಮಂದಿಯನ್ನು ಕೂಡಿಸಲಾರದ ಸಂಘವು ನೆರೆಯದರೊಡನೆ ಸೇರುವುದೇ ಲೇಸು. ಆಗ ಎರಡೂ ಹೆಸರುಗಳು ಉಳಿಯಲಿ, ಕಾರ್ಯಕಾರಿ ಸಮಿತಿಯಲ್ಲಿ ಸಮಪಾಲಿರಲಿ, ಎರಡೂ ಕಡೆಯ ಲೆಕ್ಕಪತ್ರಗಳು ಮೊದಲೇ ಸಾಮಾನ್ಯ ಸಭೆಯ ಮುಂದೆ ಬರಲಿ. (ಇಂತಹ ಐಕ್ಯಗಳು ಮುರಿಯುವುದು ಅಂಗಣದಲ್ಲಲ್ಲ, ಖಜಾಂಚಿಯ ಪೆಟ್ಟಿಗೆಯ ಬಳಿ.) ಆಳುಬಲವುಳ್ಳ ಸಂಘಗಳು ಬೇರೆಯಾಗಿಯೇ ಇದ್ದು ಮೈದಾನವನ್ನೂ ತರಬೇತುದಾರನನ್ನೂ ಹಂಚಿಕೊಳ್ಳಲಿ, ತಾಲೂಕಿನ ಹೊರಗೆ ಆಡುವಾಗ ಉಭಯರಿಂದಲೂ ಆಯ್ದ ಒಂದೇ ತಂಡವು ಹೋಗಲಿ. ಮಳೆಗಾಲ ಕಳೆದು ಕೊಯ್ಲು ಮುಗಿಯುವುದರೊಳಗಾಗಿ ಸಂಘಗಳ ಅಧ್ಯಕ್ಷರು ಒಂದೆಡೆ ಕುಳಿತು, ಒಂದೇ ರಾತ್ರಿ ಎರಡು ಪಂದ್ಯಾಟಗಳು ಬೀಳದಂತೆ ದಿನಗಳನ್ನಾದರೂ ಗೊತ್ತುಪಡಿಸಿಕೊಳ್ಳಬೇಕೆಂದು ಕೋರುತ್ತೇವೆ.