ಭಾಗ 3: ಮೊಟ್ಟೆ ಅಲ್ಲ ಕಣ್ರೋ, ಅಮೋನೈಟ್!

2020ರಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕುನ್ನಂನಲ್ಲಿ ‘ಡೈನೋಸಾರ್ ಮೊಟ್ಟೆ’ ಸಿಕ್ತು ಅಂತ ಸುದ್ದಿ ವೈರಲ್ ಆಯ್ತು. ತಜ್ಞರು ನೋಡಿದ್ರೆ, ಮೊಟ್ಟೆನೇ ಅಲ್ಲ! ಅಮೋನೈಟ್ ಅನ್ನೋ ಸಮುದ್ರಜೀವಿಯ ಸುತ್ತ ಗಟ್ಟಿಯಾದ ಕೆಸರು. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು.

ಬರೀ ಆಕಾರ ನೋಡಿ ಹೆಸರಿಡೋದು ಬಿಡ್ರಪ್ಪಾ. ಸುರುಳಿ ಇದ್ದದ್ದೆಲ್ಲ ಅಮೋನೈಟ್ ಅಲ್ಲ. ಅಮೋನೈಟ್ ಚಿಪ್ಪಿನೊಳಗೆ ಸಾಲು ಸಾಲು ಕೋಣೆಗಳಿರುತ್ತವೆ. ನಾಟಿಲಸ್‌ಗೂ ಇವೆ, ಆದ್ರೆ ಅದರ ಕೋಣೆಗೋಡೆ ಚಿಪ್ಪಿಗೆ ತಾಗುವ ಗೆರೆ ಸರಳವಾಗಿ ಬಾಗಿರುತ್ತೆ. ಅಮೋನೈಟ್‌ದು ಸೊಟ್ಟಪಟ್ಟ, ಎಷ್ಟೋ ಸಲ ಎಲೆಯಂಚಿನ ಹಾಗೆ.

ಹೆಸರಿಗಿಂತ ಮೊದಲು ಸಿಕ್ಕ ಜಾಗ, ಕಲ್ಲಿನ ಪದರ, ದಿನಾಂಕ ಬರೆದಿಡಿ. ನಾವು ಬಿಕಾಂನವರು, ವೋಚರ್ ಇಲ್ಲದ ಎಂಟ್ರಿ ಒಪ್ತೀವಾ? ಊರು ಹೇಳದೆ ಆನ್‌ಲೈನಲ್ಲಿ ಮಾರೋ ಪಳೆಯುಳಿಕೆನ ಯಾಕೆ ಒಪ್ಪಬೇಕು?