ಕೃಷ್ಣಾ–ಗೋದಾವರಿಯ ಅನಿಲ: ಸಣ್ಣ ಹೂಡಿಕೆದಾರರಿಗೆ ದಕ್ಕಿದ್ದೆಷ್ಟು?

2002ರ ಅಕ್ಟೋಬರ್ ಕೊನೆಯಲ್ಲಿ ಆಂಧ್ರ ಕರಾವಳಿಯಾಚೆಯ ಆಳ ಕಡಲಲ್ಲಿ ಅನಿಲ ಸಿಕ್ಕಿತೆಂದು ರಿಲಯನ್ಸ್ ಘೋಷಿಸಿದಾಗ ಷೇರುಪೇಟೆಯಲ್ಲೆದ್ದ ಸಡಗರ ಹಳೆಯ ಹೂಡಿಕೆದಾರರಿಗೆ ಮರೆತಿರಲಾರದು. ಕಂಪನಿಯ ಸ್ಥಾಪಕ ಧೀರೂಭಾಯಿ ತೀರಿಕೊಂಡು ನಾಲ್ಕು ತಿಂಗಳೂ ಆಗಿರಲಿಲ್ಲ. ನಿಕ್ಷೇಪಗಳಿಗೆ ಅವರ ಹೆಸರನ್ನೇ ಇಟ್ಟರು. ದಿನಕ್ಕೆ 8 ಕೋಟಿ ಘನ ಮೀಟರ್ ಅನಿಲ ಹೊಮ್ಮುವುದೆಂಬ ಭರವಸೆ ಹುಟ್ಟಿತು. ಅದನ್ನೇ ನಂಬಿ ಗೋದಾವರಿ ತೀರದಲ್ಲಿ ವಿದ್ಯುತ್ ಸ್ಥಾವರಗಳೆದ್ದವು. ನಂಬಿದವರಲ್ಲಿ ನಿವೃತ್ತಿಯ ಹಣ ಹಾಕಿದವರೂ ಇದ್ದರು.

2009ರ ಏಪ್ರಿಲ್‌ನಲ್ಲಿ ಅನಿಲ ಹರಿಯಿತು. ಮರುವರ್ಷ ಹರಿವು 6 ಕೋಟಿ ಘನ ಮೀಟರ್ ದಾಟಿತು, ಅಲ್ಲಿಂದಾಚೆ ಇಳಿಮುಖ. 2014ರ ವೇಳೆಗೆ ಒಂದೂವರೆ ಕೋಟಿಗೂ ಕೆಳಗೆ. ಬಾವಿಗಳಿಗೆ ನೀರು, ಮರಳು ನುಗ್ಗಿತೆಂದು ಕಂಪನಿ ಹೇಳಿತು. ಒಪ್ಪಿಕೊಂಡಷ್ಟು ಬಾವಿ ಕೊರೆಯಲಿಲ್ಲವೆಂದು ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ ದೂರಿತು. ಈ ಜಗಳದಲ್ಲಿ ಷೇರುದಾರನ ದನಿಗೆ ಜಾಗವಿರಲಿಲ್ಲ. ಹೊರತೆಗೆಯಬಹುದಾದ ಅನಿಲದ ಅಂದಾಜನ್ನೇ ಮೂರನೇ ಒಂದು ಭಾಗದಷ್ಟಕ್ಕೆ ಇಳಿಸಿದರು. ಶೇ 10ರ ಪಾಲುದಾರ, ಕೆನಡಾದ ನೈಕೊ ರಿಸೋರ್ಸಸ್‌ನ ಷೇರು ನೂರು ಡಾಲರ್‌ನಿಂದ ಸೆಂಟ್‌ಗಳಿಗೆ ಕುಸಿಯಿತು. ಮೊದಲ ನಿಕ್ಷೇಪಗಳು 2020ರ ಫೆಬ್ರುವರಿಯಲ್ಲಿ ಬರಿದಾದವು.

ಆದರೆ ಸಣ್ಣವರನ್ನು ಹೆಚ್ಚು ನೋಯಿಸಿದ್ದು ನೆಲದಡಿಯ ಲೆಕ್ಕವಲ್ಲ, ಬೆಲೆಯ ಲೆಕ್ಕ. ಧೀರೂಭಾಯಿಯವರ ಇಬ್ಬರು ಪುತ್ರರ ನಡುವೆ ಉದ್ಯಮದ ವಿಭಜನೆಯಾಗಿ ರಿಲಯನ್ಸ್ ನ್ಯಾಚುರಲ್ ರಿಸೋರ್ಸಸ್ ಹುಟ್ಟಿದಾಗ, ಮೂಲ ಕಂಪನಿಯ ಪ್ರತಿ ಷೇರುದಾರನ ಖಾತೆಗೂ ಅದರ ಷೇರು ಬಂದಿತ್ತು. ಆ ಕಾಗದದ ಬೆಲೆಯೆಲ್ಲ ಒಂದೇ ಒಪ್ಪಂದದಲ್ಲಿತ್ತು: ಮೂಲ ಕಂಪನಿಯಿಂದ 2.34 ಡಾಲರ್ ದರದಲ್ಲಿ 17 ವರ್ಷ ಅನಿಲ. ಸರ್ಕಾರ ಒಪ್ಪಿದ್ದು 4.20 ಡಾಲರ್. ಅನಿಲ ದೇಶದ ಸೊತ್ತು, ದರ ನಿಗದಿ ಸರ್ಕಾರದ್ದೆಂದು 2010ರ ಮೇ 7ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ದೇಶದ ದೃಷ್ಟಿಯಿಂದ ಅದು ಸರಿಯಾದ ತೀರ್ಪು ಎಂದೇ ನಾವು ಇಂದಿಗೂ ನಂಬುತ್ತೇವೆ. ಆದರೂ ಆ ದಿನ ಲಕ್ಷಾಂತರ ಮನೆಗಳ ಉಳಿತಾಯ ಕರಗಿತು. ನ್ಯಾಚುರಲ್ ರಿಸೋರ್ಸಸ್ ಅದೇ ವರ್ಷ ರಿಲಯನ್ಸ್ ಪವರ್‌ನಲ್ಲಿ ವಿಲೀನವಾಯಿತು. ಆ ಷೇರೂ ಮುಂದೆ ಕೆಲವೇ ರೂಪಾಯಿಗಿಳಿಯಿತು.

ಗಳಿಸಿದವರಿಲ್ಲವೆಂದಲ್ಲ. ಮೂಲ ಕಂಪನಿಯ ಷೇರನ್ನು ಬಿಡದೆ ಇಟ್ಟುಕೊಂಡವರು ಇಂದು ಅನುಕೂಲವಾಗಿದ್ದಾರೆ. ಅವರನ್ನು ಕಾಪಾಡಿದ್ದು ತೈಲ ಸಂಸ್ಕರಣೆ, ಆಮೇಲೆ ಜಿಯೊ. ಬಾವಿಯ ನಷ್ಟವನ್ನು ನುಂಗಿಕೊಳ್ಳುವ ಬೇರೆ ಆದಾಯವಿದ್ದ ಕಂಪನಿ ಉಳಿಯಿತು. ಬರೀ ಅನಿಲವನ್ನೇ ನೆಚ್ಚಿದ್ದು ಮುಳುಗಿತು.

2020ರ ಡಿಸೆಂಬರ್‌ನಿಂದ ಅದೇ ಕಡಲಲ್ಲಿ ಹೊಸ ನಿಕ್ಷೇಪಗಳಿಂದ ಅನಿಲ ಹರಿದಿದೆ. ಬ್ರಿಟನ್ನಿನ ತೈಲ ಕಂಪನಿ ಬಿಪಿ ಜೊತೆಗಿದೆ, ದಿನಕ್ಕೆ 3 ಕೋಟಿ ಘನ ಮೀಟರ್‌ನ ಆಸುಪಾಸು ಹರಿವು ಕಂಡಿದ್ದೇವೆ. ಆಳ ಕಡಲಿನ ಅನಿಲದ ಗರಿಷ್ಠ ದರವನ್ನು ಸರ್ಕಾರ ಆರು ತಿಂಗಳಿಗೊಮ್ಮೆ ಗೊತ್ತುಮಾಡುತ್ತದೆ. ಇನ್ನು ಮುಂದೆ ನಿಕ್ಷೇಪದ ಸುದ್ದಿ ಕೇಳಿ ದುಡ್ಡು ಹಾಕಹೊರಡುವವರು ಆ ದರವನ್ನೂ, ಬಾವಿಯ ಇಳುವರಿ ವರ್ಷಕ್ಕೆಷ್ಟು ತಗ್ಗುತ್ತಿದೆಯೆಂಬುದನ್ನೂ ಮೊದಲು ಕೇಳಲಿ. ಉತ್ತರ ಕೊಡಲಾರದ ಕಂಪನಿಯ ಷೇರನ್ನು ಸಣ್ಣ ಉಳಿತಾಯದಿಂದ ಕೊಳ್ಳಬಾರದು.